ಗುಡಿಸುವ ಅಲೆ

ಗಾರ್ಮೆಂಟ್ ಕಾರ್ಖಾನೆಯಲ್ಲಿ ಊಟದ ಬಿಡುವನ್ನು ತೆಗೆದುಹಾಕಿದರು. ಬದಲಿಗೆ ಗಂಟೆಗೊಮ್ಮೆ, ನಿಂತಲ್ಲಿಗೇ, ಎರಡೆರಡು ಬಿಸ್ಕತ್ತು ಕೊಟ್ಟರು.

ನಾಲ್ಕನೇ ತಿಂಗಳಿಗೆ ಅಲ್ಲಿನ ಕಟಿಂಗ್ ಮಾಸ್ಟರ್ ಹೊಟ್ಟೆಯುಬ್ಬರ ತಾಳಲಾರದೆ ಆಸ್ಪತ್ರೆಯ ಮಂಚದ ಮೇಲಿದ್ದ. ಮೂಗಿನಿಂದ ಹೊಟ್ಟೆಗಿಳಿದ ಸಣ್ಣ ನಳಿಗೆ; ಪಕ್ಕದ ಪರದೆಯ ಮೇಲೆ ಅವನ ಹೊಟ್ಟೆಯ ಚಲನೆ ತೋರಿಸುವ ಗೆರೆ. ಅದನ್ನು ಕಾಯುತ್ತ ಕೂತವಳು ಟೆಕ್ನಿಷಿಯನ್.

"ಗೆರೆ ಮಲಗಿಬಿಟ್ಟಿದೆಯಲ್ಲಾ ಮೇಡಂ. ನಾನು ಬದುಕಿದ್ದೀನಿ ತಾನೆ?"

"ಮಾತು ನೋಡಿದರೆ ಇನ್ನೂ ನೂರು ವರ್ಷ ಗಟ್ಟಿ. ಸುಮ್ಮನಿರಿ. ಹೊಟ್ಟೆ ಖಾಲಿಯಾದ ಮೇಲೆ ಕರುಳಿಂದ ಮೋಟಿಲಿನ್ ಅನ್ನೋ ಹಾರ್ಮೋನು ರಕ್ತಕ್ಕೆ ಸೇರುತ್ತೆ. ಆಗ ಹೊಟ್ಟೆಯಿಂದ ಒಂದು ಅಲೆ ಎದ್ದು, ಉಳಿದಿದ್ದನ್ನೆಲ್ಲಾ ಗುಡಿಸ್ಕೊಂಡು ಹೋಗುತ್ತೆ. ಒಂದೂವರೆ, ಎರಡು ಗಂಟೆಗೊಂದು ಸಲ. ನಡುವೆ ಏನಾದರೂ ತಿಂದರೆ ಅಲೆ ನಿಂತುಹೋಗುತ್ತೆ."

"ಅಂದರೆ ಅದಕ್ಕೂ ಬಿಡುವು ಬೇಕು."

"ನಮಗೆ ಅದು ಬಿಡುವು. ಅದಕ್ಕೆ ಅದೇ ಕೆಲಸದ ಹೊತ್ತು."

ಆಗ ಕೋಣೆಯಲ್ಲಿ ಗುರ್ರ್ ಎಂದು ಹೊಟ್ಟೆಯೊಂದು ಗುಡುಗಿತು. ಅವಳು ಪರದೆ ನೋಡಿದಳು. ಗೆರೆ ಮಲಗಿಯೇ ಇತ್ತು. ಅವನ ಕಣ್ಣು ನಿಧಾನವಾಗಿ ಅವಳ ಕಡೆ ಹೊರಳಿ, ಕಪಾಟಿನ ಮೇಲಿನ ಮುಚ್ಚಿದ ಊಟದ ಡಬ್ಬಿಯ ಮೇಲೆ ನಿಂತಿತು.

"ಓಹೋ. ನೀವೂ ತಿಂದಿಲ್ಲ."

"ಹಸಿದವರ ಮುಂದೆ ತಿನ್ನೋಕೆ ನನ್ನ ಕೈಲಾಗಲ್ಲ."

ಸರಿಯಾಗಿಯೇ ಇದ್ದ ಮಾಸ್ಕನ್ನು ಅವಳು ಇನ್ನಷ್ಟು ಮೇಲಕ್ಕೆಳೆದುಕೊಂಡಳು. ಆದರೆ ಕಿವಿಗಳು ಹೊರಗೇ ಉಳಿದವು, ಕೆಂಪಗೆ.

ಮಲಗಿದ್ದ ಗೆರೆ ಎದ್ದಿತು. ನಿಮಿಷಕ್ಕೆ ಮೂರರಂತೆ ಎತ್ತರದ ಶಿಖರಗಳು. "ಬಂತು!" ಎಂದು ಅವನ ಕೈ ಹಿಡಿದಳು. ಅಲೆ ಹಾದುಹೋದ ಮೇಲೂ ಬಿಡಲು ಮರೆತಳು, ಅವನು ನೆನಪಿಸಲಿಲ್ಲ.

ನಳಿಗೆ ತೆಗೆದ ಮೇಲೆ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡರು.

ಮರುದಿನ ಅವಳು ಮತ್ತೆ ನಳಿಗೆ ಇಳಿಸಿ, ಕಾರ್ಖಾನೆಯಲ್ಲಿದ್ದಂತೆಯೇ ಗಂಟೆಗೆ ಎರಡು ಬಿಸ್ಕತ್ತು ಕೊಟ್ಟು ಅಳೆದಳು. ಆರು ಗಂಟೆ ಕಳೆದರೂ ಒಂದು ಅಲೆಯೂ ಏಳಲಿಲ್ಲ.

"ನಿಮ್ಮ ಕೈಯಿಂದ ಬಂದರೂ ಹಾಳು ಬಿಸ್ಕತ್ತು ಬಿಸ್ಕತ್ತೇ," ಎಂದ ಅವನು.

ಸಂಜೆ ವಿಭಾಗದ ಮುಖ್ಯಸ್ಥರು ಕಾರ್ಖಾನೆಯ ಪತ್ರ ಹಿಡಿದು ಬಂದರು. "ನಿನ್ನೆಯ ಗೆರೆಯ ಹಾಳೆ ಸಾಕಮ್ಮ. ಹೊಟ್ಟೆ ಸರಿಯಿದೆ, ತೊಂದರೆ ಮನಸ್ಸಿನದು ಅಂತ ಬರೆದು ಸಹಿ ಹಾಕು. ಇವತ್ತಿನದು ಹರಿದುಹಾಕು."

ಹಾಗೆ ಬರೆದರೆ ಕಳ್ಳರೋಗಿ ಎಂದು ಅವನನ್ನು ಕೆಲಸದಿಂದ ಕಿತ್ತುಹಾಕುತ್ತಾರೆ. ಉಳಿದ ಆರುನೂರು ಜನ ನಿಂತಲ್ಲೇ ಬಿಸ್ಕತ್ತು ತಿನ್ನುತ್ತಾರೆ. ಬರೆಯದಿದ್ದರೆ ಅವಳ ಕುರ್ಚಿ ಖಾಲಿ.

"ಬರೆದುಬಿಡಿ," ಮಂಚದಿಂದ ಅವನೆಂದ. "ನನಗೋಸ್ಕರ ಕೆಲಸ ಕಳ್ಕೋಬೇಡಿ."

ಅವಳು ಮಾಸ್ಕ್ ಇಳಿಸಿದಳು. "ನಿಮ್ಮನ್ನ ಕಂಡರೆ ನನಗಿಷ್ಟ. ಸಾರ್ ಮುಂದೇನೇ ಹೇಳ್ತಿದ್ದೀನಿ. ಆದರೆ ನೀವು ನನಗೆ ಯಾರೂ ಅಲ್ಲದಿದ್ದರೂ ಇವತ್ತಿನ ಗೆರೆ ಹೀಗೇ ಇರ್ತಿತ್ತು."

ಮುಖ್ಯಸ್ಥರು ಪೆನ್ನು ಚಾಚಿದರು. "ಪ್ರೀತಿ ಪ್ರೇಮ ಎಲ್ಲಾ ಆಮೇಲೆ. ಮೊದಲು ಸಹಿ ಹಾಕು."

ಅವಳು ಎರಡೂ ದಿನದ ಹಾಳೆಗಳನ್ನು ಜೋಡಿಸಿ ಪಿನ್ ಹೊಡೆದು, ಕಟಿಂಗ್ ಮಾಸ್ಟರ್‌ನ ಕೈಗಿಟ್ಟಳು.

"ಹಾಕಲ್ಲ ಸಾರ್."