ಊಟದ ಮನೆಯ ಹಿಂದಿನ ದಕ್ಷಿಣ

"ಅಲ್ಲೇ ನಿಲ್ಲಿ, ಬಿರುಕಿದೆ!"

ವಿಮಾನದಿಂದ ಇಳಿದು ಎರಡು ಹೆಜ್ಜೆ ಇಟ್ಟಿದ್ದ ಲೀದಿಯಾಳ ತೋಳನ್ನು ಯಾರೋ ಹಿಂದಕ್ಕೆಳೆದರು. ಗಡ್ಡದ ತುಂಬ ಹಿಮ ಕಟ್ಟಿದ್ದ ಆ ಮನುಷ್ಯ ಗ್ಲೆಬ್. ಸಂಶೋಧಕರ ಬಿಡಾರ ಹೊತ್ತ ಮಂಜುಗಡ್ಡೆ ಉತ್ತರ ಧ್ರುವದ ಸಮುದ್ರದಲ್ಲಿ ತೇಲಿ ಎಲ್ಲಿಗೆ ಬಂದಿದೆಯೆಂದು ನಕ್ಷತ್ರ ನೋಡಿ ಲೆಕ್ಕ ಹಾಕುವವನು.

"ಲೆನಿನ್‌ಗ್ರಾಡಿನ ಬೀದಿ ಅಂದ್ಕೊಂಡ್ರಾ, ಲೀದಿಯಾ ಪಾವ್ಲೊವ್ನಾ?"

"ಬೀದೀಲಿ ಇಷ್ಟು ಒರಟಾಗಿ ಯಾರೂ ಎಳೆಯಲ್ಲ."

ಅವನು ನಕ್ಕ. ತೋಳು ಬಿಡುವುದನ್ನು ಮರೆತಿದ್ದ...

ಆಮೇಲೆ ಸೂರ್ಯನಿಲ್ಲದ ತಿಂಗಳುಗಳು. ಮಂಜಿನಲ್ಲಿ ಕೊರೆದ ಕಂಡಿಯಿಂದ ಉಪಕರಣ ಇಳಿಸಿ ಲೀದಿಯಾ ಸಮುದ್ರದ ಉಪ್ಪನ್ನೂ ಶಾಖವನ್ನೂ ಅಳೆಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮೌನ ಬೇಕೆಂದೇ ಇಲ್ಲಿಗೆ ಬಂದವಳು. ಈಗ ಆ ಮೌನವೇ ಅವಳನ್ನು ತಿನ್ನುತ್ತಿತ್ತು. ಗ್ಲೆಬ್ ಚಹಾದ ನೆಪ ಮಾಡಿಕೊಂಡು ಬಂದಾಗಷ್ಟೇ ಗುಡಿಸಲು ಮನೆಯಂತಾಗುತ್ತಿತ್ತು.

ಅಲ್ಲಿ ಸೂರ್ಯ ಮರಳುವಾಗ ಮೊದಲು ಇಣುಕುವುದು ದಕ್ಷಿಣದಲ್ಲಿ. ಆ ದಿನ ಬಿಡಾರದ ದಕ್ಷಿಣದ ಅಂಚಿನಲ್ಲಿ ಇಬ್ಬರೇ ನಿಂತು ನೋಡೋಣ, ಒಂದು ಮಾತು ಹೇಳುವುದಿದೆ ಎಂದಿದ್ದ ಗ್ಲೆಬ್.

ಅದಕ್ಕೆ ಮೊದಲು ಬಿರುಗಾಳಿ ಬೀಸಿತು. ಸೂರ್ಯ ಮರಳಬೇಕಿದ್ದ ದಿನ ಗಾಳಿ ನಿಂತಿದ್ದರೂ ಮೋಡ ಹರಿಯಲಿಲ್ಲ. ಲೀದಿಯಾ ಊಟದ ಮನೆಯ ಹಿಂದೆ ಕಾದಳು. ಚಳಿಗಾಲವಿಡೀ ದಕ್ಷಿಣವೆಂದರೆ ಅದೇ. ಕಾಲು ಮರಗಟ್ಟಿತು. ಅವನು ಬರಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಅವನು ಮುಖವನ್ನೂ ಎತ್ತಲಿಲ್ಲ. 'ವಿಧವೆ ನಂಬಿಬಿಟ್ಟಳೆಂದು ನಗುತ್ತಿದ್ದಾನೆಯೇ?' ಕೇಳಲು ಅಭಿಮಾನ ಬಿಡಲಿಲ್ಲ. ಮುಂದಿನ ವಿಮಾನಕ್ಕೇ ಹೊರಡುವುದಾಗಿ ಮುಖ್ಯಸ್ಥರಿಗೆ ತಿಳಿಸಿದಳು.

ಮೋಡ ಹರಿದ ದಿನವೇ ವಿಮಾನ ಬಂತು. ಏಣಿ ಹತ್ತುತ್ತಿದ್ದವಳ ಕೆನ್ನೆಗೆ ಬೆಳಕು ತಾಗಿತು. ಸೂರ್ಯ... ಆದರೆ ಊಟದ ಮನೆಯ ಹಿಂದಲ್ಲ. ರೇಡಿಯೋ ಕಂಬದ ಕಡೆ!

ಬಿರುಗಾಳಿಗೆ ಇಡೀ ಮಂಜುಗಡ್ಡೆ ಗುಡಿಸಲುಗಳ ಸಮೇತ ತಿರುಗಿಬಿಟ್ಟಿತ್ತು.

ಅವಳು ಇಳಿದು ಓಡಿದಳು. ಗ್ಲೆಬ್ ಕಂಬದ ಬಳಿ ಒಬ್ಬನೇ ನಿಂತಿದ್ದ.

"ಆವತ್ತು ಇಲ್ಲಿ ಕಾದ್ರಾ?"

"ಮತ್ತೆಲ್ಲಿ? ದಕ್ಷಿಣ ಅಂದಿದ್ನಲ್ಲ. ನೀವು ಬರ್ಲಿಲ್ಲ."

"ಊಟದ ಮನೆ ಹಿಂದೆ ನಿಂತಿದ್ದೆ. ದಕ್ಷಿಣ ಇನ್ನೂ ಅಲ್ಲೇ ಇದೆ ಅಂತ."

ಅವನು ತುಪ್ಪಳದ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಮಂಜುಗಡ್ಡೆ ತಿರುಗಿದ್ದು ದಿಕ್ಸೂಚಿ ನೋಡಿ ನಂಗೆ ಗೊತ್ತಾಗಿತ್ತು. ನಿಮಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ. ಎಂಥ ಮುಠ್ಠಾಳ ನಾನು."

ಹಿಂದೆ ಎಂಜಿನ್ ಗುಡುಗುತ್ತಿತ್ತು. ಪೈಲಟ್ ಕೈಬೀಸಿ ಕರೆಯುತ್ತಿದ್ದ.

"ಏನೋ ಹೇಳೋದಿದೆ ಅಂದಿದ್ರಿ..."

"ಹೋಗ್ಬೇಡ, ಲೀದಾ. ನೀನಿಲ್ದೆ ನನ್ನ ಕೈಲಾಗಲ್ಲ."

ಅವನು ಅವಳನ್ನು 'ನೀನು' ಎಂದದ್ದು ಅದೇ ಮೊದಲು. ಅವಳ ಕಣ್ಣೀರು ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು.

"ಟೋಪಿ ಹಾಕ್ಕೋ, ಗ್ಲೆಬ್. ಕಿವಿ ಸೆಟೆದುಹೋಗುತ್ತೆ," ಎಂದಳು ಮೆಲ್ಲಗೆ. "ಹಾಕ್ಕೊಂಡು ಹೋಗಿ ನನ್ನ ಪೆಟ್ಟಿಗೆ ಇಳಿಸ್ಕೊಂಡು ಬಾ."