ಸೈರನ್ ಕಳುವಾದ ತಾರೀಖು

ಸೆಪ್ಟೆಂಬರ್ ಎರಡನೇ ತಾರೀಖು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅಣೆಕಟ್ಟಿನ ಇಂಜಿನಿಯರ್ ಸ್ಟೇಷನ್ನಿಗೆ ಬಂದು, ಸೈರನ್ ಕಳುವಾಗಿದೆ ಅಂತ ದೂರು ಕೊಟ್ರು. ತೂಕ ನಲವತ್ತು ಕಿಲೋ, ಬಣ್ಣ ಕೆಂಪು, ಕೂಗಿದ್ರೆ ಆರು ಕಿಲೋಮೀಟರ್ ಕೇಳ್ಸುತ್ತೆ. ಕಳುವಾಗಿದ್ದು ನಿನ್ನೆ ರಾತ್ರಿ. ಬಣ್ಣ ಹೊಡೆಯೋಕೆ ಟವರ್ ಹತ್ತಿದ ಪೇಂಟರ್ ಬೆಳಿಗ್ಗೆ ನೋಡಿ ಹೇಳಿದ್ದಂತೆ.

ಊರನ್ನೇ ಎಬ್ಬಿಸೋ ವಸ್ತುನ ಊರಿಗೆ ಗೊತ್ತಾಗದ ಹಾಗೆ ಹೊತ್ಕೊಂಡು ಹೋಗಿದಾನೆ ಅಂದ್ರೆ ಕಳ್ಳ ಗಟ್ಟಿಗ ಅಂದ ಹೆಡ್ ಕಾನ್‌ಸ್ಟೇಬಲ್. ಇನ್‌ಸ್ಪೆಕ್ಟರ್ ಮೇಡಂ ನಗಲಿಲ್ಲ. ಎಫ್‌ಐಆರ್ ಬರೆಸಿ ಜೀಪು ಹತ್ತಿದ್ರು.

ಆ ನದಿ ಹಿಂದೆ ಬೆಟ್ಟದ ನೆತ್ತಿಯಿಂದ ಬಂಡೆ ಹಾರ್ಕೊಂಡು ನೇರ ಇಳೀತಿತ್ತು. ಅಡ್ಡ ಗೋಡೆ ಕಟ್ಟಿ, ನೀರನ್ನ ಸುರಂಗಕ್ಕೆ ತಿರುಗಿಸಿ, ಬೆಟ್ಟದ ಹೊಟ್ಟೆಯೊಳಗಿನ ಪವರ್‌ಹೌಸಿನಲ್ಲಿ ಕರೆಂಟು ಹಿಂಡ್ಕೊಂಡು ಆಚೆ ಕಣಿವೆಗೆ ಬಿಟ್ರು. ಅಂದ್ರೆ ನದಿ ಹುಟ್ಟೋದು ಒಂದು ಕಡೆ, ಸಂಸಾರ ಮಾಡೋದು ಇನ್ನೊಂದು ಕಡೆ. ಈಚೆ ಕಡೆ ಹದಿನಾಲ್ಕು ಕಿಲೋಮೀಟರ್ ಬರೀ ಬಂಡೆ. ಇಲ್ಲಿನ ಮೀನು ಕಾದು ಕಾದು ಕೊನೆಗೆ ನಡ್ಕೊಂಡೇ ಊರು ಬಿಟ್ಟವು ಅಂತಾರೆ, ನೋಡಿದೋರು ಯಾರೂ ಸಿಕ್ಕಿಲ್ಲ. ಸೇತುವೆ ಸುತ್ತಿದ್ರೆ ಒಂದು ಗಂಟೆ, ಬಂಡೆ ಮೇಲೆ ದಾಟಿದ್ರೆ ಹತ್ತು ನಿಮಿಷ. ಆಚೆ ದಡದ ಗಿರಣಿ ಕೆಲಸಕ್ಕೆ ಹೋಗೋರೆಲ್ಲ ಬಂಡೆ ಹಿಡಿದ್ರು.

ಶಿಖರದಲ್ಲಿ ಮಳೆ ಸುರಿದು ಜಲಾಶಯ ತುಂಬಿದ್ರೆ ಗೇಟು ತೆಗೀಲೇಬೇಕು. ಆಗ ಕೆಳಗೆ ಬಿಸಿಲು ಚುರುಗುಟ್ತಿರುತ್ತೆ, ಮೋಡದ ಚೂರೂ ಇರಲ್ಲ. ಗೇಟು ತೆಗೆದ ಇಪ್ಪತ್ತೆರಡನೇ ನಿಮಿಷಕ್ಕೆ ಎರಡಾಳೆತ್ತರದ ನೀರು ಬಂಡೆದಾರಿಗೆ ಬಂದು ಮುಟ್ಟುತ್ತೆ. ಅದಕ್ಕೇ ಸೈರನ್ನು. ಗೇಟು ತೆಗೆಯೋಕೆ ಅರ್ಧ ಗಂಟೆ ಮುಂಚೆ ಮೂರು ಸಲ ಕೂಗ್ಬೇಕು ಅಂತ ನಿಯಮ.

ಹನ್ನೆರಡೂ ಐದಕ್ಕೆ ಟವರ್ ಮೇಲೆ ಪಂಚನಾಮೆ ಶುರುವಾಯ್ತು. ಸೈರನ್ ಇದ್ದ ಜಾಗದಲ್ಲಿ ಹಕ್ಕಿಗೂಡು, ಗೂಡಿನಲ್ಲಿ ಮೂರು ಮರಿ. ಹೆಡ್ ಕಾನ್‌ಸ್ಟೇಬಲ್ ಅದನ್ನೂ ಬರ್ಕೊಂಡ.

"ಸಾರ್, ನಿನ್ನೆ ರಾತ್ರಿ ಕಳುವಾಯ್ತು ಅಂತೀರಿ," ಅಂದ ಅವನು, ಇಂಜಿನಿಯರ್ ಕಡೆ ತಿರುಗಿ. "ಹಂಗಾದ್ರೆ ಈ ಹಕ್ಕಿ ಬೆಳಗಾಗೋದ್ರೊಳಗೆ ಗೂಡು ಕಟ್ಟಿ, ಮೊಟ್ಟೆ ಇಟ್ಟು, ಕಾವು ಕೊಟ್ಟು, ಮರಿಗೆ ರೆಕ್ಕೆನೂ ಬರಿಸಿದೆ. ನಿಮ್ಮ ಇಲಾಖೆಗೆ ಸೇರಿಸ್ಕೊಳ್ಳಿ, ಕೆಲಸ ಬೇಗ ಆಗುತ್ತೆ."

ಇಂಜಿನಿಯರ್ ಬೆಟ್ಟ ನೋಡ್ತಾ ನಿಂತ್ರು.

ಒಂದೂವರೆಗೆ ಕಂಟ್ರೋಲ್ ರೂಮು. ಅದಿರೋದು ಬೆಟ್ಟದ ಒಳಗೆ, ಟವರಿಂದ ಮೂರು ಕಿಲೋಮೀಟರ್ ದೂರ, ಟರ್ಬೈನಿನ ಪಕ್ಕ. ಅಲ್ಲಿ ಪಕ್ಕದಲ್ಲಿದ್ದೋನು ಸೀನಿದ್ರೂ ಕೇಳ್ಸಲ್ಲ. ಮೇಡಂ ರಿಜಿಸ್ಟರ್ ತೆಗೆಸಿದ್ರು. ಆಗಸ್ಟ್ ಒಂಬತ್ತು, ಹದಿನೇಳು, ಇಪ್ಪತ್ತಾರು: ಮೂರು ದಿನ ಗೇಟು ತೆಗೆದಿದ್ರು. ಮೂರೂ ದಿನ, ಅರ್ಧ ಗಂಟೆ ಮುಂಚೆ, 'ಸೈರನ್ ಮೂರು ಸಲ ಮೊಳಗಿಸಲಾಯಿತು.'

"ಮೊಳಗಿದ್ದು ಯಾರು ಕೇಳಿದ್ದು?" ಅಂತ ಮೇಡಂ ಆಪರೇಟರನ್ನ ಕೇಳಿದ್ರು.

"ಕೇಳೋದೇನಿದೆ ಮೇಡಂ? ಬಟನ್ ಒತ್ತಿದ್ರೆ ಕೆಂಪು ದೀಪ ಹತ್ತುತ್ತೆ. ದೀಪ ಹತ್ತಿದ್ರೆ ಮೊಳಗಿದ ಹಾಗೆ."

"ಸೈರನ್ ಇಲ್ದಿದ್ರೂ ಹತ್ತುತ್ತಾ?"

ಅವನು ಒತ್ತಿ ತೋರ್ಸಿದ. ಹತ್ತಿತು. ಇಪ್ಪತ್ತು ವರ್ಷದಿಂದ ಹತ್ತುತ್ತಿದ್ದ ದೀಪನ ಅವತ್ತೇ ಮೊದಲ ಸಲ ನೋಡಿದೋನ ಹಾಗೆ ನೋಡಿದ.

ಸಂಜೆವರೆಗೂ ಗಿರಣಿ ಹೆಂಗಸರನ್ನ ವಿಚಾರಿಸಿದ್ರು. ಆಗಸ್ಟ್ ಶುರುವಿಂದ ಸೈರನ್ ಕೇಳೇ ಇಲ್ಲ ಅಂದ್ರು ಎಲ್ರೂ. ಮತ್ತೆ ಯಾರೂ ಕೊಚ್ಕೊಂಡು ಹೋಗ್ಲಿಲ್ಲ ಯಾಕೆ? ಸ್ಪ್ಯಾನರಣ್ಣ ಇದ್ದಾನಲ್ಲ ಅಂದ್ರು. ಅಣೆಕಟ್ಟಿನ ಹಳೇ ಫಿಟ್ಟರ್, ರಿಟೈರ್ ಆಗಿ ನಾಲ್ಕು ವರ್ಷ. ಬೆಳಿಗ್ಗೆಯಿಂದ ಕತ್ತಲಾಗೋವರೆಗೂ ಬಂಡೆದಾರಿ ಶುರುವಾಗೋ ಕಡೆ ಕೋಲು ಹಿಡ್ಕೊಂಡು ಕೂತಿರ್ತಾನೆ. ಪಕ್ಕದಲ್ಲೇ ಅದೇ ಶಿಖರದಿಂದ ಇಳಿಯೋ ಒಂದು ಹಳ್ಳ ಇದೆ, ಅದಕ್ಕೆ ಗೋಡೆ ಇಲ್ಲ. ಅದು ಕೆಂಪಾಗಿ, ತಣ್ಣಗಾದ್ರೆ ಮೇಲೆ ಮಳೆಯಾಗಿದೆ ಅಂತ ಲೆಕ್ಕ. ಅವನು ಗಂಟೆಗೊಂದು ಸಲ ಕೈ ಅದ್ದಿ ನೋಡ್ತಾನೆ. ಅನುಮಾನ ಬಂದ್ರೆ, ಹೋಗ್ರೇ ಕತ್ತೆಗಳಾ ಸೇತುವೆ ಮೇಲೆ ಅಂತ ಅಟ್ಟುತ್ತಾನೆ.

"ಯಾವಾಗಿಂದ ಕೂರ್ತಿದಾನೆ?" ಅಂದ್ರು ಮೇಡಂ.

ಆಗಸ್ಟ್ ಮೂರರಿಂದ ಅಂದ್ಲು ಒಬ್ಬಳು. ಅವತ್ತೇ ಅವಳಿಗೆ ಸಂಬಳ ಸಿಕ್ಕಿದ್ದು, ಅದಕ್ಕೆ ನೆನಪು.

ಸೈರನ್ ಇಲ್ಲ ಅಂತ ಇಲಾಖೆಗೆ ಗೊತ್ತಾಗಿದ್ದು ಸೆಪ್ಟೆಂಬರ್ ಎರಡಕ್ಕೆ. ಇವನಿಗೆ ಒಂದು ತಿಂಗಳು ಮುಂಚೆಯೇ ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಬಂಡೆದಾರಿಗೆ ಹೋದ್ರೆ ಸ್ಪ್ಯಾನರಣ್ಣ ಎದ್ದು ನಿಂತ. ಇಷ್ಟು ತಡ ಮಾಡಿದ್ರಲ್ಲ ಮೇಡಂ ಅಂದ. ದಡದ ಪಾಳುಬಿದ್ದ ಪಂಪ್‌ಶೆಡ್ಡಿಗೆ ತಾನೇ ಕರ್ಕೊಂಡು ಹೋಗಿ ಗೋಣಿಚೀಲ ಸರಿಸಿ ತೋರ್ಸಿದ. ಸೈರನ್ನನ್ನ ಎಣ್ಣೆ ಹಚ್ಚಿ ಒರೆಸಿಟ್ಟಿದ್ದ. ಬಿಚ್ಚಿ ತರೋಕೆ ಮೂರು ದಿನ ಹಿಡೀತಂತೆ, ಆಗಸ್ಟ್ ಒಂದರಿಂದ ಮೂರರವರೆಗೆ, ಹಾಡಹಗಲಲ್ಲೇ, ದಿನಕ್ಕೊಂದು ಭಾಗ. ಅವನು ರಿಟೈರ್ ಆಗಿದ್ದು ಕಾವಲುಗಾರನಿಗೆ ಯಾರೂ ಹೇಳಿರಲಿಲ್ಲ. ಏಣಿ ಹಿಡ್ಕೊಂಡಿದ್ದೂ ಆ ಕಾವಲುಗಾರನೇ.

"ಯಾಕೆ ಕದ್ರಿ?"

ಹೋದ ವರ್ಷ ಜುಲೈ ಹತ್ತೊಂಬತ್ತಕ್ಕೆ ಅವನ ಮಗಳು ಗಿರಣಿಗೆ ಹೋಗ್ತಾ ಒಬ್ಬಳೇ ಬಂಡೆ ದಾಟ್ತಿದ್ಲು. ನೀರು ಬಂತು. ಅವತ್ತು ಸೈರನ್ ಮೋಟರ್ ಸುಟ್ಟುಹೋಗಿತ್ತು. ಇಲಾಖೆ ಎಂಟೇ ದಿನದಲ್ಲಿ ರಿಪೇರಿ ಮಾಡಿಸ್ತು, ಆಮೇಲೆ ವಿಚಾರಣೆ ಮಾಡ್ತು. ವಿಚಾರಣೆ ದಿನ ಒತ್ತಿ ನೋಡಿದ್ರೆ ಸೈರನ್ ಚೆನ್ನಾಗೇ ಕೂಗ್ತು. ಜುಲೈ ಹತ್ತೊಂಬತ್ತಕ್ಕೂ ಕೂಗಿತ್ತು ಅಂತ ರಿಜಿಸ್ಟರೂ ಹೇಳ್ತು. ಎಚ್ಚರಿಕೆ ಕೇಳಿಸಿಕೊಂಡೂ ಅಲಕ್ಷ್ಯದಿಂದ ದಾಟಿದ್ದರಿಂದ ಸಾವು ಅಂತ ಬರೆದು ಮುಚ್ಚಿದ್ರು. ಸೈರನ್ ಇಲ್ದೇ ಇದ್ರೂ ಇವರು ಕೂಗ್ತು ಅಂತಲೇ ಬರೀತಾರೆ ಅಂತ ತೋರ್ಸೋಕೆ ಅವನಿಗೆ ಬೇರೆ ದಾರಿ ಕಾಣ್ಲಿಲ್ಲ.

"ಯಾರಿಗೆ ತೋರ್ಸೋಕೆ? ಕೋರ್ಟಿಗಾ?" ಅಂದ್ರು ಮೇಡಂ.

"ನನ್ನ ಹೆಂಡತಿಗೆ," ಅಂದ ಅವನು. "ಅವಳು ಸರ್ಕಾರಿ ಕಾಗದ ನಂಬ್ತಾಳೆ, ನನ್ನ ನಂಬಲ್ಲ. ದಿನಾ ಬೆಳಿಗ್ಗೆ ಎದ್ದು ಮಗಳ ಫೋಟೋ ಮುಂದೆ ನಿಂತ್ಕೊಂಡು ಬೈತಾಳೆ. ಕೇಳಿಸ್ಕೊಂಡೂ ಹೋದ್ಯಲ್ಲೇ ಕೊಬ್ಬಿದೋಳೆ, ನಮ್ಮ ನೆನಪು ಬರ್ಲಿಲ್ವೇನೇ ಅಂತ. ವರ್ಷ ಆಯ್ತು ಮೇಡಂ, ಒಂದು ದಿನ ತಪ್ಪಿಲ್ಲ. ನಿಮ್ಮ ಕಾಗದದಲ್ಲಿ ತಾರೀಖು ಸರಿಯಾಗಿ ಬರೀರಿ, ಸಾಕು."

ಮಧ್ಯಾಹ್ನ ಇಂಜಿನಿಯರ್ ಸ್ಟೇಷನ್ನಿಗೆ ಬಂದ್ರು, ಈ ಸಲ ಹಣ್ಣಿನ ಬುಟ್ಟಿ ಜೊತೆ. ಪಾಪ ಹಳೇ ನೌಕರ, ದೂರು ಮುಂದುವರಿಸಲ್ಲ, ಮನೆಗೆ ಹೋಗ್ಲಿ, ಕಳುವಾದ ತಾರೀಖು ಮಾತ್ರ ಸೆಪ್ಟೆಂಬರ್ ಒಂದು ಅಂತ ಇರ್ಲಿ ಅಂದ್ರು.

ಬೆಂಚಿನ ಮೇಲಿದ್ದ ಸ್ಪ್ಯಾನರಣ್ಣ ರೇಗಿದ. "ಕದ್ದೋನು ನಾನು. ಯಾವಾಗ ಕದ್ದೆ ಅಂತ ಇವ್ರಿಗೇನ್ರೀ ಗೊತ್ತು?"

ಮೂರು ಗಂಟೆಗೆ ಮೇಲಧಿಕಾರಿಯ ಫೋನೂ ಬಂತು. ಮೇಡಂ ಐದು ಸಲ 'ಸರಿ ಸಾರ್' ಅಂದು ಫೋನಿಟ್ರು. ಆಮೇಲೆ ಹೇಳಿಕೆ ಬರೆಸಿದ್ರು: ಆಗಸ್ಟ್ ಮೂರು. ಕಳ್ಳತನದ ಕಲಂ ಹಾಕಿದ್ರು. ರಿಜಿಸ್ಟರ್ ಜಪ್ತಿ ಮಾಡಿದ್ರು. ಹೋದ ವರ್ಷದ ಫೈಲಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಇಂಜಿನಿಯರ್ ಎದ್ದು ಹೋಗ್ತಾ ಅಂದ್ರು. ಕಾನೂನು ಪ್ರಕಾರ ಅವರ ಮಾತು ಸರಿಯಾಗೇ ಇತ್ತು. ನಾಲ್ಕೂ ಹತ್ತಕ್ಕೆ ದಸ್ತಗಿರಿ ಆಯ್ತು.

ದಸ್ತಗಿರಿ ವಿಷಯ ಮನೆಯವರಿಗೆ ತಿಳಿಸಿ ಸಹಿ ತಗೋಬೇಕು. ಹೆಡ್ ಕಾನ್‌ಸ್ಟೇಬಲ್ ಹೋಗ್ಬಹುದಿತ್ತು, ಮೇಡಮ್ಮೇ ಹೋದ್ರು. ಸ್ಪ್ಯಾನರಣ್ಣನ ಹೆಂಡತಿ ಆಗಷ್ಟೇ ಗಿರಣಿಯಿಂದ ಬಂದು ಕಾಲು ತೊಳೀತಿದ್ಲು. ಗಂಡ ಕಳ್ಳ ಅಂದಾಗ ಇನ್ನೊಂದು ಕಾಲೂ ತೊಳೆದ್ಲು. ಮೇಡಂ ಆಗಸ್ಟ್ ಮೂರು ಅಂತ ಬರೆದ ಹೇಳಿಕೆನೂ ರಿಜಿಸ್ಟರಿನ ನಕಲೂ ತೋರ್ಸಿ, ಕೆಂಪು ದೀಪದ ವಿಷಯ ಹೇಳಿ, ನಿಮ್ಮ ಮಗಳಿಗೆ ಅವತ್ತು ಯಾವ ಸದ್ದೂ ಕೇಳ್ಸಿರೋಕೆ ಸಾಧ್ಯ ಇಲ್ಲ ಅಂದ್ರು.

ಅವಳು ಸರ್ಕಾರಿ ಕಾಗದನ ಎರಡು ಸಲ ಓದಿದ್ಲು. ಅವಳ ಬೆನ್ನ ಹಿಂದೆ ಗೋಡೆ ಮೇಲೆ ಫೋಟೋ ಇತ್ತು, ತಿರುಗಲಿಲ್ಲ.

"ಹಂಗಾದ್ರೆ ವರ್ಷದಿಂದ ನಾನು ಅವಳಿಗೆ ಬೈದಿದ್ದೆಲ್ಲ?" ಅಂದ್ಲು.

ಮೇಡಂ ಪೆನ್ನು ಕೊಟ್ಟು, ಸಹಿ ಎಲ್ಲಿ ಮಾಡ್ಬೇಕು ಅಂತ ಬೆರಳಿಟ್ಟು ತೋರ್ಸಿದ್ರು. ಐದೂ ಐವತ್ತಕ್ಕೆ ಅವಳು ಸಹಿ ಮಾಡಿದ್ಲು.