ಸೋಮವಾರ ತೆರೆದಿರುವ ಮ್ಯೂಸಿಯಂ

೨೦೨೫ರ ಜನವರಿ ೨೦, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ.

ಲಕ್ಷ್ಮೀಪುರಂನ ಆ ಪುಟ್ಟ ಟ್ರಾವೆಲ್ಸ್ ಆಫೀಸಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವನು, ಕೂರುವುದಕ್ಕೂ ಮೊದಲೇ ಮಾತು ಶುರು ಮಾಡಿದ.

"ಇಟಲಿಯ ಫ್ಲಾರೆನ್ಸ್‌ಗೆ ಎರಡು ದಿನದ ಪ್ಲಾನ್ ಬೇಕು ಮೇಡಂ. ವಿಮಾನದ ಟಿಕೆಟ್, ಹೋಟೆಲ್ ಎಲ್ಲಾ ಆಗಿದೆ. ಮಾರ್ಚ್ ಹದಿನಾರು ಭಾನುವಾರ, ಹದಿನೇಳು ಸೋಮವಾರ. ಏನೇನು ನೋಡ್ಲೇಬೇಕು, ಅಷ್ಟು ಹೇಳಿದ್ರೆ ಸಾಕು."

ಹೇಮಶ್ರೀ ಕಂಪ್ಯೂಟರಿನಿಂದ ತಲೆ ಎತ್ತಿದಳು.

"ಸೋಮವಾರನಾ ಸಾರ್?"

"ಹೂಂ. ಮಂಗಳವಾರ ಬೀಳದ ಹಾಗೆ ನೋಡ್ಕೊಂಡೇ ಮಾಡ್ಸಿದೀನಿ!" ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಮಂಗಳವಾರ ಏನಾಗುತ್ತೆ?"

"ರಜಾ ಅಲ್ವಾ ಮೇಡಂ! ನಮ್ಮ ಝೂಗೆ ಮಂಗಳವಾರ ರಜಾ ಇಲ್ವಾ... ಹಂಗೇ ಎಲ್ಲಾ ಕಡೆ ಅಂದ್ಕೊಂಡ್ಬುಟ್ಟೆ."

ಹೇಮಶ್ರೀ ತುಟಿ ಕಚ್ಚಿಕೊಂಡಳು. ಆದರೂ ನಗು ಹೊರಗೆ ಬಂದೇಬಿಟ್ಟಿತು!

"ಸಾರ್, ಅದು ಮೈಸೂರಿನ ಮೃಗಾಲಯ! ಫ್ಲಾರೆನ್ಸಿನ ದೊಡ್ಡ ಮ್ಯೂಸಿಯಂಗಳಿಗೆ ಸೋಮವಾರ ರಜಾ. ನೀವು ಸರಿಯಾಗಿ ರಜಾ ದಿನಾನೇ ಹುಡುಕಿ ಬುಕ್ ಮಾಡಿದೀರ."

ಅವನ ಮುಖ ಸಣ್ಣದಾಯಿತು. ಮರುಕ್ಷಣವೇ ಅದು ಬಿಗಿದುಕೊಂಡಿತು.

"ನೀವು ಆ ಊರಿಗೆ ಹೋಗಿದೀರಾ?"

"ಇಲ್ಲ... ಆದ್ರೆ ಗೊತ್ತು."

"ನೋಡದೇ ಇರೋ ಊರಿಗೆ ದಾರಿ ಹೇಳ್ತೀರಾ?"

ಹೇಮಶ್ರೀಯ ನಗು ತಟ್ಟನೆ ನಿಂತಿತು.

ಅವನಿಗೆ ಗೊತ್ತಿರಲಿಲ್ಲ, ಆ ಒಂದು ಮಾತು ಎಲ್ಲಿ ಹೋಗಿ ತಾಗಿತೆಂದು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸಂಶೋಧನೆಯ ಅವಕಾಶ ಕೈತಪ್ಪಿದಾಗ ನಾಲ್ಕು ತಿಂಗಳ ಮಟ್ಟಿಗೆಂದು ಅವಳು ಸೇರಿದ ಕೆಲಸವಿದು. ಆರು ವರ್ಷವಾಗಿತ್ತು. ಯಾವ ಊರಿನ ಯಾವ ಬಾಗಿಲು ಎಷ್ಟು ಗಂಟೆಗೆ ತೆರೆಯುತ್ತದೆ ಎನ್ನುವುದು ಅವಳಿಗೆ ಬಾಯಿಪಾಠ. ಯಾವ ಬಾಗಿಲನ್ನೂ ಅವಳು ದಾಟಿರಲಿಲ್ಲ. ಪಾಸ್‌ಪೋರ್ಟಿನ ಪುಟಗಳೆಲ್ಲ ಖಾಲಿ.

'ಎಷ್ಟು ಜನರಿಗೆ ದಾರಿ ಹಾಕಿಕೊಟ್ಟೆ... ಒಂದರಲ್ಲಾದರೂ ನನ್ನ ಹೆಸರಿದೆಯಾ?'

"ಅಮ್ಮನನ್ನ ಕರ್ಕೊಂಡು ಹೋಗ್ತಿದೀನಿ. ಅದಕ್ಕೇ ಗಾಬರಿ ಆಯ್ತು. ತಪ್ಪು ತಿಳ್ಕೋಬೇಡಿ," ಎಂದ ಅವನು, ಮೆಲ್ಲಗೆ. ಆಮೇಲೆ ಬಗ್ಗಿ, ಅಲ್ಲಾಡುತ್ತಿದ್ದ ಅವಳ ಮೇಜಿನ ಕಾಲಿನಡಿಗೆ ತನ್ನದೇ ವಿಸಿಟಿಂಗ್ ಕಾರ್ಡನ್ನು ಮಡಚಿ ಸಿಕ್ಕಿಸಿದ. "ಮೂರು ಮಿಲಿಮೀಟರ್ ಗಿಡ್ಡ ಇತ್ತು."

ಮೇಜು ಅಲ್ಲಾಡುವುದು ನಿಂತಿತು.

ಅವನು ಬೀರೇಶ್. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ವಿಭಾಗದಲ್ಲಿದ್ದ. ಫ್ಲಾರೆನ್ಸಿನ ಹತ್ತಿರ ಕಂಪನಿ ಕೊಳ್ಳುತ್ತಿದ್ದ ಯಂತ್ರವೊಂದನ್ನು ನೋಡಿಬರಲು ಅವನನ್ನು ಕಳಿಸುತ್ತಿದ್ದರು. ಕೆಲಸ ಮುಗಿದ ಮೇಲಿನ ಎರಡು ದಿನ ಅಮ್ಮನಿಗಾಗಿ.

ಹಿಂದಿನ ಮೇಜಿನಿಂದ ಆಫೀಸಿನ ಒಡತಿ ಪದ್ಮಾವತಿ ಮೇಡಂ ಕನ್ನಡಕದ ಮೇಲಿನಿಂದ ನೋಡಿದರು.

"ಆರು ವರ್ಷದಿಂದ ಅಲ್ಲಾಡ್ತಿತ್ತು ಕಣೇ ಆ ಟೇಬಲ್ಲು," ಎಂದರು, ಅವನು ಹೋದ ಮೇಲೆ.

* * *

ಮೂರನೇ ದಿನ ಬೀರೇಶ್ ತನ್ನ ತಾಯಿಯನ್ನೂ ಕರೆತಂದ. ಭಾಗ್ಯಮ್ಮ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತರಾದವರು. ಎಡ ಮಂಡಿ ನೋವು. ಕೈಯಲ್ಲಿ ಕೋಲು, ಮಾತಿನಲ್ಲಿ ಚೂಪು.

ಹೇಮಶ್ರೀ ಅಚ್ಚುಕಟ್ಟಾಗಿ ಮಾಡಿದ್ದ ಪ್ಲಾನನ್ನು ಮುಂದಿಟ್ಟಳು. ಡೇವಿಡ್ ಶಿಲ್ಪ, ಉಫಿಜಿ ಚಿತ್ರಶಾಲೆ, ಕೆಂಪು ಗುಮ್ಮಟದ ದೊಡ್ಡ ಚರ್ಚು, ಹಳೇ ಸೇತುವೆ... ಒಟ್ಟು ಹನ್ನೊಂದು ಜಾಗ.

ಭಾಗ್ಯಮ್ಮ ಓದಿ ಕೆಳಗಿಟ್ಟರು.

"ಇದೇನಮ್ಮ, ಪಲ್ಸ್ ಪೋಲಿಯೋ ಹಾಕೋರ ಹಂಗೆ ಮನೆಮನೆಗೂ ಹೋಗ್ಬೇಕಾ?"

ಬೀರೇಶ್ ನಗು ತಡೆಯಲು ಕಿಟಕಿಯ ಕಡೆ ತಿರುಗಿದ.

"ನಂಗೆ ಬೇಕಾಗಿರೋದು ಒಂದೇ ಚಿತ್ರ ಕಣಮ್ಮ. ಚಿಪ್ಪಿನ ಮೇಲೆ ಹೆಂಗ್ಸು ನಿಂತಿರ್ತಾಳಲ್ಲ, ಹಿಂದೆ ಸಮುದ್ರ... ಟ್ರೈನಿಂಗ್ ಕಾಲೇಜಲ್ಲಿ ಅದನ್ನ ಕಪ್ಪು-ಬಿಳುಪಲ್ಲಿ ನೋಡಿದ್ದೆ. ಮಕ್ಕಳಿಗೆ ಪಾಠ ಮಾಡೋವಾಗ ಸಮುದ್ರ ನೀಲಿ ಅಂತಿದ್ದೆ. ನೀಲಿನೋ ಹಸ್ರೋ, ಆಮೇಲೆ ಅನುಮಾನ ಬಂತು."

"ಫೋನಲ್ಲಿ ನೋಡಬಹುದಲ್ವಾ ಅಮ್ಮ?"

"ನೋಡ್ದೆ. ನನ್ನ ಫೋನಲ್ಲಿ ಒಂದು ಬಣ್ಣ, ಇವನ ಫೋನಲ್ಲಿ ಇನ್ನೊಂದು ಬಣ್ಣ. ಯಾವ್ದನ್ನ ನಂಬಲಿ?"

ಹೇಮಶ್ರೀ ಹನ್ನೊಂದು ಜಾಗಗಳ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. 'ಹೌದಲ್ಲ! ನೋಡುವುದೆಂದರೆ ಅಲ್ಲಿಗೇ ಹೋಗಿ ನೋಡಬೇಕು...'

"ಅಮ್ಮ ಅಷ್ಟು ದೂರ ನಡೀತಾರಾ ಅನ್ನೋದೇ ನನ್ನ ಚಿಂತೆ," ಎಂದ ಬೀರೇಶ್.

"ಹಾಗಾದ್ರೆ ಪರೀಕ್ಷೆ ಮಾಡೋಣ," ಎಂದಳು ಹೇಮಶ್ರೀ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. "ಡೇವಿಡ್ ಇರೋ ಜಾಗದಿಂದ ಉಫಿಜಿಗೆ ಸುಮಾರು ಒಂದು ಕಿಲೋಮೀಟರ್. ಅಗ್ರಹಾರದ ನಿಮ್ಮ ಮನೆಯಿಂದ ಜಗನ್ಮೋಹನ ಅರಮನೆಗೂ ಹೆಚ್ಚು ಕಡಿಮೆ ಅಷ್ಟೇ. ಭಾನುವಾರ ನಡೆದು ನೋಡಿದ್ರೆ?"

"ಮೈಸೂರಲ್ಲೇ ಫ್ಲಾರೆನ್ಸಾ!" ಭಾಗ್ಯಮ್ಮನವರ ಕಣ್ಣು ಅರಳಿತು. "ನೀನೂ ಬಾ. ನಾನು ಬಿದ್ರೆ ಬರ್ಕೊಳ್ಳೋಕೆ ಒಬ್ರು ಬೇಕಲ್ಲ."

* * *

ಭಾನುವಾರ ಬೆಳಿಗ್ಗೆ ಮೂವರೂ ಹೊರಟರು. ಅಗ್ರಹಾರದ ಇಕ್ಕಟ್ಟಿನ ಬೀದಿಗಳಲ್ಲಿ ಎಳೆಬಿಸಿಲು. ಹೂವಿನಂಗಡಿಯ ಮಂಗಳಮ್ಮ ಮಲ್ಲಿಗೆ ಕಟ್ಟುತ್ತಾ ಕೂಗಿದರು.

"ಟೀಚರಮ್ಮ, ಎಲ್ಲಿಗೆ ಸವಾರಿ?"

"ಇಟಲಿಗೆ ಕಣೇ!"

"ಬರ್ತಾ ಒಂದು ಕೊತ್ತಂಬ್ರಿ ಕಟ್ಟು ತತ್ತೀರಾ?"

ನಗುತ್ತಾ ನಡೆದರೂ ಜಗನ್ಮೋಹನ ಅರಮನೆಯ ಚಿತ್ರಶಾಲೆ ತಲುಪುವಷ್ಟರಲ್ಲಿ ಭಾಗ್ಯಮ್ಮ ಎರಡು ಸಲ ಕೂತಿದ್ದರು. ಒಳಗೆ, ದೀಪ ಹಿಡಿದ ಹೆಂಗಸಿನ ಚಿತ್ರದ ಎದುರು, ಅವರು ಕೋಲೂರಿ ನಿಂತೇಬಿಟ್ಟರು. ಜನ ಬಂದರು, ಫೋಟೋ ಹಿಡಿದರು, ಹೋದರು. ಅವರು ಅಲ್ಲಾಡಲಿಲ್ಲ.

"ಅಮ್ಮ, ಇನ್ನೂ ಮೇಲಿನ ಮಹಡಿ ಇದೆ..." ಹೇಮಶ್ರೀ ಗಡಿಯಾರ ನೋಡಿದಳು.

"ಇರ್ಲಿ ಬುಡು. ಅದು ಓಡೋಗಲ್ಲ. ನೀನು ಸುಮ್ನೆ ನಿಂತ್ಕೊಂಡು ನೋಡು. ಬೆಳಕು ಅವಳ ಬೆರಳಿನ ಸಂದಿಯಲ್ಲಿ ಎಂಗೆ ಬಂದಿದೆ ಅಂತ."

ಹೇಮಶ್ರೀ ನೋಡಿದಳು. ಶಾಲೆಯಿಂದ ಬಂದಾಗ, ನೆಂಟರನ್ನು ಕರೆತಂದಾಗ, ಎಷ್ಟೋ ಸಲ ಕಂಡಿದ್ದ ಚಿತ್ರ. ಅಂದು ಮೊದಲ ಬಾರಿಗೆ ಆ ಬೆರಳುಗಳು ಕೆಂಪಗೆ ಬೆಚ್ಚಗೆ ಕಂಡವು.

ಹೊರಗೆ, ಕಟ್ಟೆಯ ಮೇಲೆ ಅಮ್ಮ ಕಾಲು ಚಾಚಿ ಕೂತರು. ಇವರಿಬ್ಬರೂ ಕಬ್ಬಿನ ಹಾಲು ತರಲು ಹೋದರು.

"ನೀವು ಹೋದ್ರೆ ಏನು ನೋಡ್ತೀರಿ?" ಬೀರೇಶ್ ಕೇಳಿದ.

ಆರು ವರ್ಷದಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ!

"ಗೆಲಿಲಿಯೋ ಮ್ಯೂಸಿಯಂ," ಎಂದಳು, ಯೋಚಿಸದೆ. "ಅವನು ಗುರುಗ್ರಹದ ಚಂದ್ರಗಳನ್ನ ನೋಡಿದ ದೂರದರ್ಶಕದ ಮಸೂರ ಅಲ್ಲಿದೆಯಂತೆ. ಒಡೆದಿದೆ. ಒಡೆದದ್ದನ್ನೇ ದಂತದ ಚೌಕಟ್ಟಲ್ಲಿ ಇಟ್ಟಿದಾರೆ. ವ್ಯಾಸ ಎಷ್ಟು ಹೇಳಿ? ಬರೀ ಮೂವತ್ತೆಂಟು ಮಿಲಿಮೀಟರ್! ಅಷ್ಟು ಚಿಕ್ಕ ಗಾಜಲ್ಲಿ..." ಅವಳು ಹೆಬ್ಬೆರಳು ತೋರುಬೆರಳು ಸೇರಿಸಿ ಒಂದು ಉಂಗುರ ಮಾಡಿ ಆಕಾಶಕ್ಕೆ ಹಿಡಿದಳು.

ಬೀರೇಶ್ ಆಕಾಶ ನೋಡಲಿಲ್ಲ. ಆ ಬೆರಳುಗಳನ್ನು ನೋಡುತ್ತಿದ್ದ.

"ಅದು ಸೋಮವಾರ ತೆರೆದಿರುತ್ತೆ," ಅವಳೆಂದಳು. "ನನ್ನ ಪರವಾಗಿ ನೀವು ನೋಡ್ಕೊಂಡು ಬರ್ತೀರಾ? ಒಂದು ಗಂಟೆ ಸಾಕು."

ಅವನು ಗಾಡಿಯವನ ಕಡೆ ತಿರುಗಿದ. "ಕಬ್ಬಿನ ಹಾಲಿಗೆ ಐಸ್ ಬೇಡ ಅಲ್ವಾ?" ಎಂದ.

* * *

ಮುಂದಿನ ಭಾನುವಾರಗಳೂ ಹಾಗೇ ಕಳೆದವು. ದೇವರಾಜ ಮಾರುಕಟ್ಟೆಯ ಉದ್ದ ಓಣಿ ಹಳೇ ಸೇತುವೆಯಾಯಿತು. ಅರಿಶಿನ, ಕುಂಕುಮದ ರಾಶಿಗಳ ನಡುವೆ ಭಾಗ್ಯಮ್ಮ ಬಣ್ಣಗಳ ಹೆಸರು ಹೇಳಿಕೊಡುತ್ತಿದ್ದರು. ಪ್ಲಾನು ಪ್ರತಿವಾರ ಚಿಕ್ಕದಾಗುತ್ತಾ ಬಂತು. ಭಾನುವಾರ ಡೇವಿಡ್, ಉಫಿಜಿ. ಸೋಮವಾರ ಗುಮ್ಮಟದ ಚರ್ಚು, ಸೇತುವೆ, ಗೆಲಿಲಿಯೋ. ನಡುನಡುವೆ ಎಲ್ಲೆಲ್ಲಿ ಕೂರಬಹುದು ಎನ್ನುವುದನ್ನೂ ಹೇಮಶ್ರೀ ಗುರುತು ಮಾಡಿದಳು.

ಶನಿವಾರ ರಾತ್ರಿ ಮರುದಿನದ ಸೀರೆ ತೆಗೆದಿಟ್ಟುಕೊಳ್ಳುವುದು ಯಾಕೆ ಎಂದು ಅವಳು ತನ್ನನ್ನು ಕೇಳಿಕೊಳ್ಳಲಿಲ್ಲ. ಉತ್ತರ ಗೊತ್ತಿತ್ತು.

ಫೆಬ್ರವರಿ ಕೊನೆಗೆ ಬೀರೇಶ್ ಪ್ಲಾನು ಅಂತಿಮ ಮಾಡಲು ಆಫೀಸಿಗೆ ಬಂದ. ಎಲ್ಲ ಓದಿದ. ಕೊನೆಯ ಸಾಲಿನ ಮೇಲೆ ಬೆರಳಿಟ್ಟ.

"ಗೆಲಿಲಿಯೋ ಮ್ಯೂಸಿಯಂ ಬೇಡ. ತೆಗೆದ್ಬುಡಿ."

ಹೇಮಶ್ರೀಗೆ ಕೇಳಿದ್ದನ್ನು ನಂಬಲಾಗಲಿಲ್ಲ.

"ಅಮ್ಮನಿಗೆ ಆಯಾಸ ಆಗುತ್ತೆ ಅಂತಾನಾ?"

"ಅದಕ್ಕಲ್ಲ."

"ಮತ್ತೆ?"

ಅವನು ಪದ್ಮಾವತಿ ಮೇಡಂ ಕಡೆ ನೋಡಿದ, ಅವಳ ಕಡೆ ನೋಡಿದ. "ಬಂದ್ಮೇಲೆ ಹೇಳ್ತೀನಿ."

"ಹೇಳೋದೇನು ಸಾರ್... ನಿಮ್ಮ ಟ್ರಿಪ್, ನಿಮ್ಮಿಷ್ಟ." 'ಸಾರ್' ಎನ್ನುವ ಪದ ಎಷ್ಟೋ ವಾರಗಳ ಮೇಲೆ ಮರಳಿ ಬಂದಿತ್ತು. ಅವನಿಗೂ ಅದು ತಾಗಿತು.

'ಒಂದು ಗಂಟೆ! ನನಗಾಗಿ ಒಂದು ಗಂಟೆಯೂ ಇಲ್ಲವಾ? ಕಬ್ಬಿನ ಹಾಲು, ಮಾರುಕಟ್ಟೆ, ಆ ನೋಟ... ಎಲ್ಲಾ ನಾನೇ ಕಟ್ಟಿಕೊಂಡಿದ್ದಾ?'

ಅವಳು ಆ ಸಾಲನ್ನು ಅಳಿಸಿದಳು.

* * *

ಮಾರ್ಚ್ ಹದಿನೇಳು, ಸೋಮವಾರ, ಸಂಜೆ ನಾಲ್ಕು. ಫ್ಲಾರೆನ್ಸಿನಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ.

ಫೋನು ಮಿಡಿಯಿತು. ಭಾಗ್ಯಮ್ಮ ಕಳಿಸಿದ ಫೋಟೋ. ನದಿಯ ದಂಡೆ, ಸ್ವೆಟರಿನ ಮೇಲೆ ಶಾಲು ಹೊದ್ದು ನಗುತ್ತಿರುವ ಅಮ್ಮ. ಹೇಮಶ್ರೀಯ ಮುಖ ಅರಳಿತು. ಆಮೇಲೆ ಹಿಂದಿನ ಕಟ್ಟಡದ ಬಾಗಿಲು ಕಂಡಿತು. ಬಾಗಿಲ ಪಕ್ಕದ ಹೆಸರೂ ಕಂಡಿತು.

ಗೆಲಿಲಿಯೋ ಮ್ಯೂಸಿಯಂ.

'ಒಳಗೆ ಹೋಗಿದ್ರಾ?' ಎಂದು ಅವಳು ಬರೆದಳು.

'ಇಲ್ಲಮ್ಮ. ಇವನು ಬಾಗಿಲಲ್ಲೇ ಸುಮ್ಮನೆ ನಿಂತಿದ್ದು ವಾಪಸ್ ಬಂದ,' ಎಂದು ಉತ್ತರ ಬಂತು.

ಬಾಗಿಲ ತನಕ ಹೋಗಿ!

ಹೇಮಶ್ರೀ ಫೋನು ಮಗುಚಿಟ್ಟಳು. ಮೇಜು ಅಲ್ಲಾಡಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಬಗ್ಗಿ ಆ ಕಾರ್ಡನ್ನು ಎಳೆದು ಹಾಕಬೇಕೆನಿಸಿತು... ಕೈ ಚಾಚಿದವಳು, ಯಾಕೋ ಸುಮ್ಮನಾದಳು.

ಅವರು ಊರಿಗೆ ಬಂದ ಮೇಲೆ ಬೀರೇಶನ ಎರಡು ಕರೆಗಳಿಗೆ ಅವಳು ಉತ್ತರಿಸಲಿಲ್ಲ. ಮೂರನೆಯದು ಭಾಗ್ಯಮ್ಮನವರದು.

"ಭಾನುವಾರ ಜಗನ್ಮೋಹನಕ್ಕೆ ಬಾ. ಬಣ್ಣ ಹೇಳ್ಬೇಕು. ಫೋನಲ್ಲಿ ಹೇಳೋ ಬಣ್ಣ ಅಲ್ಲ ಅದು."

ಅಮ್ಮನಿಗೆ ಇಲ್ಲ ಎನ್ನಲಾಗಲಿಲ್ಲ.

* * *

ಅದೇ ಕಟ್ಟೆ. ಭಾಗ್ಯಮ್ಮ ಅವಳ ಕೈ ಹಿಡಿದು ಕೂರಿಸಿಕೊಂಡರು.

"ನೀಲಿ ಅಲ್ಲ ಕಣಮ್ಮ! ಹಸ್ರು. ಬಾಳೆಲೆ ಹಿಂಬದಿ ಇರುತ್ತಲ್ಲ, ಒದ್ದೆ ಬಟ್ಟೇಲಿ ಒರೆಸಿದ ಮೇಲೆ... ಆ ಹಸ್ರು. ಅಷ್ಟು ವರ್ಷ ಮಕ್ಕಳಿಗೆ ನೀಲಿ ಹಾಕ್ಸಿದ್ದೆ. ಅದರ ಮುಂದೆ ಕೂತಾಗ ನಗು ಬಂತು, ಕಣ್ಣಲ್ಲಿ ನೀರೂ ಬಂತು. ನೀನು ಬೆಂಚು ಇದೆ ಅಂದಿದ್ಯಲ್ಲ, ನಿಜವಾಗ್ಲೂ ಇತ್ತು!"

ಹೇಮಶ್ರೀಯ ಎದೆ ತುಂಬಿ ಬಂತು. ತಾನು ನೋಡದ ಊರಿನಲ್ಲಿ ತನ್ನಿಂದಾಗಿ ಒಬ್ಬರಿಗೆ ಕೂರಲು ಜಾಗ ಸಿಕ್ಕಿತ್ತು.

"ನಾನು ಆ ದೀಪದ ಹುಡುಗೀನ ನೋಡ್ಕೊಂಡು ಬತ್ತೀನಿ. ನೀವು ಜಗಳ ಆಡ್ಕೊಳ್ಳಿ," ಎಂದು ಅವರು ಕೋಲು ಊರಿಕೊಂಡು ಎದ್ದರು.

ಬೀರೇಶ್ ಹತ್ತಿರ ಬಂದು ನಿಂತ.

"ಬಾಗಿಲ ತನಕ ಹೋಗಿ ವಾಪಸ್ ಬಂದ್ರಿ," ಎಂದಳು ಹೇಮಶ್ರೀ. "ನಾನು ಕೇಳಿದ್ದು ಒಂದು ಗಂಟೆ."

"ಅದಕ್ಕೇ ಹೋಗಲಿಲ್ಲ."

"ಅಂದ್ರೆ?"

"ನಿಮ್ಮ ಪರವಾಗಿ ನೋಡ್ಕೊಂಡು ಬನ್ನಿ ಅಂದ್ರಿ. ನಾನು ನೋಡ್ಕೊಂಡು ಬಂದು ಹೇಳಿದ್ರೆ ನಿಮಗೆ ಅದೂ ಇನ್ನೊಂದು ಕೇಳಿದ ಊರು ಆಗ್ತಿತ್ತು. ಬಾಗಿಲಲ್ಲಿ ನಿಂತಾಗ ಒಳಗೆ ಹೋಗಿಬಿಡೋಣ ಅಂತ ಆಸೆ ಆಯ್ತು ಕಣ್ರೀ, ಸುಳ್ಳು ಹೇಳಲ್ಲ. ಆದ್ರೆ... ಅದನ್ನ ಮೊದಲನೇ ಸಲ ನೋಡೋವಾಗ ನೀವು ಪಕ್ಕದಲ್ಲಿರ್ಬೇಕು ಅನ್ನಿಸ್ತು."

ಅರಮನೆಯ ಸೂರಿನಿಂದ ಪಾರಿವಾಳಗಳು ಪಟಪಟನೆ ಎದ್ದವು.

"ಇದನ್ನ ಹೋಗೋ ಮೊದಲೇ ಹೇಳಬಹುದಿತ್ತಲ್ವಾ?"

"ಆಗ ನಾನು ನಿಮ್ಮ ಗಿರಾಕಿ. ನಿಮಗೆ ಇಲ್ಲ ಅನ್ನೋಕೆ ಕಷ್ಟ ಆಗ್ತಿತ್ತು. ಈಗ ಟ್ರಿಪ್ ಮುಗೀತು. ಈಗ ಧಾರಾಳವಾಗಿ ಇಲ್ಲ ಅನ್ನಬಹುದು."

ಅವನು ಜೇಬಿನಿಂದ ಒಂದು ಪುಟ್ಟ ಹಿತ್ತಾಳೆಯ ಬಿಲ್ಲೆ ತೆಗೆದು ಅವಳ ಅಂಗೈಯಲ್ಲಿಟ್ಟ. ಅಂಚು ನುಣುಪಾಗಿ ಹೊಳೆಯುತ್ತಿತ್ತು.

"ಉಂಗುರದ ಅಳತೆ ಕೇಳೋ ಧೈರ್ಯ ಬರ್ಲಿಲ್ಲ. ನೀವೇ ಹೇಳಿದ್ದ ಅಳತೆ ಒಂದಿತ್ತಲ್ಲ... ಫ್ಯಾಕ್ಟರಿಯ ಲೇತ್ ಮೆಷಿನ್ ಮೇಲೆ ನಾನೇ ಮಾಡಿದ್ದು. ಮೂವತ್ತೆಂಟು."

ಅಂದು ಕಬ್ಬಿನ ಹಾಲಿನ ಗಾಡಿಯ ಮುಂದೆ ತಾನು ಆಕಾಶಕ್ಕೆ ಹಿಡಿದ ಉಂಗುರ ಹೇಮಶ್ರೀಗೆ ನೆನಪಾಯಿತು. ಬಿಲ್ಲೆ ಬೆಚ್ಚಗಿತ್ತು, ಅವನ ಜೇಬಿನ ಬಿಸಿಗೆ. ಕಣ್ಣು ತುಂಬಿತು. ಆದರೂ ಅವಳು ಭೌತಶಾಸ್ತ್ರದ ಹುಡುಗಿ!

"ವರ್ನಿಯರ್ ಇದೆಯಾ?"

"ಈಗ್ಲಾ?"

"ಈಗ್ಲೇ."

ಅವನು ಬ್ಯಾಗಿನಲ್ಲಿ ಸದಾ ಇಟ್ಟುಕೊಂಡಿರುತ್ತಿದ್ದ, ಅಳತೆ ಹಿಡಿಯುವ ವರ್ನಿಯರ್ ಕ್ಯಾಲಿಪರ್ ತೆಗೆದುಕೊಟ್ಟ. ಅವಳು ಬಿಲ್ಲೆಯನ್ನು ಅದರ ದವಡೆಗಳ ನಡುವೆ ಮೆಲ್ಲಗೆ ಹಿಡಿದು, ಕಣ್ಣೊರೆಸಿಕೊಂಡು ಗೆರೆಗಳನ್ನು ಓದಿದಳು.

"ಹೆಚ್ಚಿದೆ."

"ಎಷ್ಟು?" ಅವನ ಮುಖ ನಿಜಕ್ಕೂ ಸಪ್ಪಗಾಯಿತು. "ರಿಜೆಕ್ಟಾ?"

"ಪಾಸ್," ಎಂದಳು ಹೇಮಶ್ರೀ. ಅಳು, ನಗು ಎರಡೂ ಒಟ್ಟಿಗೇ ಬಂದವು. "ಆದ್ರೆ ಈ ಸಲ ಪ್ಲಾನ್ ನಾನೇ ಹಾಕೋದು, ಬೀರೇಶ್."

"ಯಾವ ವಾರ ಹೋಗೋಣ?"

"ಸೋಮವಾರ. ಮಂಗಳವಾರ ಆ ಮ್ಯೂಸಿಯಂ ಅರ್ಧ ದಿನ ಮಾತ್ರ ಕಣ್ರೀ."

"ನೋಡಿದ್ರಾ! ಮಂಗಳವಾರ ಏನೋ ಇದೆ ಅಂತ ನಾನು ಅವತ್ತೇ ಹೇಳಿದ್ದೆ!"

ಅವಳು ನಕ್ಕು ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅವನು ಆ ಮುಷ್ಟಿಯನ್ನು ತನ್ನ ಕೈಯಲ್ಲಿ ಮುಚ್ಚಿದ.

ಬಿಲ್ಲೆಯ ವ್ಯಾಸ ಮೂವತ್ತೆಂಟು ದಶಾಂಶ ಸೊನ್ನೆ ಎರಡು ಮಿಲಿಮೀಟರ್.